ಇಪ್ಪತ್ತರ ಮಗ್ಗಿ

ನಮ್ಮ ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಮದುವೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೂಡಿಸಿದ ಒಡಪು ಹೇಳಿಸಿದರು. ಹೇಳದಿದ್ದರೆ ಒಳಗೆ ಬಿಡುವಂತಿರಲಿಲ್ಲ. ಆಮೇಲೆ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಅಂತ ಮೊಮ್ಮಗಳು ಹೇಳುತ್ತಾಳೆ. ಆಗಲಿ, ಊರವರು ಕರೆಯುತ್ತಿದ್ದಂತೆ ಗುರುಲಿಂಗಪ್ಪ ಮಾಸ್ತರ ಅಂತ ಬರೆಯುತ್ತೇನೆ. ತಪ್ಪಾದರೆ ಅದು ಅವಳ ತಲೆಯ ಮೇಲಿರಲಿ.

ಮಾಸ್ತರರ ಊರು ಹುಕ್ಕೇರಿ ತಾಲೂಕಿನ ನಿಡಸೋಸಿ ಬಾಜೂಕ್ಕೆ. ನನ್ನ ತವರು ಬೆಲ್ಲದ ಬಾಗೇವಾಡಿ. ಮದುವೆಯಾದ ಮೇಲೂ ನಾನು ತವರಲ್ಲೇ, ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ. ಅಲ್ಲಿ ಮಾಸ್ತರಿಕೆ ಕಲಿಯುವವರು ಮಗ್ಗುಲ ಶಾಲೆಯ ಹುಡುಗರಿಗೆ ಪಾಠ ಹೇಳಬೇಕು. ಹಿಂದಿನ ಬೆಂಚಿನಲ್ಲಿ ದೊಡ್ಡ ಮಾಸ್ತರರು ಕೂತು ತಪ್ಪು ಹುಡುಕಬೇಕು. ಇವರ ಕಡೆಯ ಪಾಠ ಮಳೆಯ ಬಗ್ಗೆ. ಒಬ್ಬ ಹುಡುಗನೂ ಗದ್ದಲ ಮಾಡಲಿಲ್ಲವಂತೆ, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ್ದು ಹಿಂದಿನ ಬೆಂಚಿಗೂ ಕೇಳಿಸಿತಂತೆ. ದೊಡ್ಡ ಮಾಸ್ತರರು ಎದ್ದು ಬಂದು, "ಗುರುಲಿಂಗಪ್ಪ, ಕೂಗದೆ ಕಲಿಸುವವನೇ ಮಾಸ್ತರ, ಉಳಿದವರು ದನಗಾಹಿಗಳು" ಎಂದರಂತೆ. ಈ ಹಲ್ಲಿಯ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಶಿವನೇ ಬಲ್ಲ. ರೊಟ್ಟಿ ಬಡಿಯುವಾಗ ಕೇಳಿದ್ದೇನೆ, ಜೋಳ ಹಸನು ಮಾಡುವಾಗ ಕೇಳಿದ್ದೇನೆ, ಜ್ವರ ಬಂದು ಮಲಗಿದಾಗಲೂ ಕೇಳಿದ್ದೇನೆ.

ಟ್ರೇನಿಂಗ್ ಮುಗಿದ ವರ್ಷವೇ ಗೋಕಾಕ ತಾಲೂಕಿನ ಮುತ್ತಲಹಟ್ಟಿಗೆ ಆರ್ಡರು ಬಂತು. ಕುಲಗೋಡದಿಂದ ಹೊಲದ ದಾರಿ ಹಿಡಿದು ನಡೆದರೆ ಸಿಗುವ ಸಣ್ಣ ಊರು. ಕೆಲಸ ಹಂಗಾಮಿ. ಶಾಲೆ ತಪಾಸಣೆ ಮಾಡುವ ಅಧಿಕಾರಿಗೆ ನಮ್ಮ ಕಡೆ ದೀಪೂಟಿ ಸಾಹೇಬರು ಎನ್ನುತ್ತಿದ್ದರು. ಅವರು ಗೋಕಾಕದಿಂದ ಬಂದು, ನೋಡಿ, ಶಾಲೆಯ ಪುಸ್ತಕದಲ್ಲಿ ತಮ್ಮ ಅಭಿಪ್ರಾಯ, ಅಂದರೆ ಶೇರಾ, ಒಳ್ಳೆಯದು ಬರೆದುಹೋದರೆ ಖಾಯಂ, ಇಲ್ಲದಿದ್ದರೆ ಮತ್ತೆ ಒಂದು ವರ್ಷ ತೂಗುಯ್ಯಾಲೆ.

ಶಾಲೆ ಊರ ಕಡೆಯ ಅಂಚಿಗೆ. ಅದಕ್ಕೇ ಹತ್ತಿಕೊಂಡು ನಮ್ಮ ಮನೆ, ಮಣ್ಣಿನ ಮಾಳಿಗೆಯದು. ಮುಂದೆ ನೋಡಿದರೆ ಕರಿ ಹೊಲ, ಕಣ್ಣು ಹರಿಯುವವರೆಗೆ ರಾವಸಾಹೇಬ ಗೌಡರದೇ. ಹಿಂದೆ ಕೂಲಿಯವರ ಗುಡಿಸಲುಗಳು. ಗೌಡರೇ ಶಾಲಾ ಕಮಿಟಿಯ ಮುಖ್ಯರು. ನಾವು ಬಂದ ದಿನ ಅವರ ಹೊಲಮನೆ ನೋಡಿಕೊಳ್ಳುವ ಕಾರಭಾರಿ ಯಲ್ಲಪ್ಪ ಬಂದು ನಮ್ಮ ಟ್ರಂಕನ್ನು ಗಾಡಿಯಿಂದ ಇಳಿಸಿ, "ಇಷ್ಟ ಸಾಮಾನೇನ್ರಿ ಮಾಸ್ತರ?" ಎಂದು ಮೀಸೆಯಲ್ಲಿ ನಕ್ಕ. ಆ ನಗು ನನಗೆ ಅಂದೇ ಸೇರಲಿಲ್ಲ.

ಮೊದಲನೆಯ ಸಂಜೆ ನಾನು ಒಲೆ ಹೂಡುತ್ತಿದ್ದೆ. ಇದ್ದಕ್ಕಿದ್ದಂತೆ ಶಾಲೆಯಲ್ಲಿ ಗುಡುಗು ಬಿದ್ದ ಹಾಗಾಯಿತು. "ಎರಡೊಂದ್ಲೆ ಎರಡು! ಎರಡೆರಡ್ಲೆ ನಾಕು!" ಶಾಲೆಯ ಅಷ್ಟೂ ಮಕ್ಕಳು ಎದ್ದು ನಿಂತು, ಕಣ್ಣು ಮುಚ್ಚಿ, ಹೊಟ್ಟೆಯಿಂದ ಕೂಗುತ್ತಿದ್ದರು. ಹಳೆಯ ಮಾಸ್ತರರ ಕಾಲದಿಂದ ನಡೆದುಬಂದ ಪದ್ಧತಿ. ಸಂಜೆ ಶಾಲೆ ಬಿಡುವ ಮುಂಚೆ ಎರಡರ ಮಗ್ಗಿಯಿಂದ ಹಿಡಿದು ಇಪ್ಪತ್ತರ ಮಗ್ಗಿಯವರೆಗೆ ಒಂದೇ ಉಸಿರು. "ಇಪ್ಪತ್ತ ಹತ್ಲೆ ಇನ್ನೂರು" ಎಂದು ಕಡೆಯ ಕೂಗು ಬಿದ್ದ ಕೂಡಲೇ ಪಾಟಿ ಹಿಡಿದು ಓಟ.

ಮಾಸ್ತರರು ಮನೆಗೆ ಬಂದಾಗ ಕಿವಿಗೆ ಬೆರಳಿಟ್ಟುಕೊಂಡಿದ್ದರು. "ಇದ ಸಾಲಿ ಏನು, ದನದ ಸಂತಿ ಏನು? ಇಪ್ಪತ್ತ ಹತ್ಲೆ ಇನ್ನೂರು ಅಂತ ಒದರತಾವು, ಇನ್ನೂರು ಕಾಳು ಎಣಿಸಿ ತೋರಿಸು ಅಂದ್ರ ಒಬ್ಬಗೂ ಬರೂದಿಲ್ಲ."

"ಮತ್ತ ಏನ ಮಾಡ್ತೀರಿ?"

"ನಾಳಿಂದ ಬಂದ್. ಕಾಳು ಕೊಟ್ಟು ಕಲಿಸ್ತೇನಿ."

ಮಾಡಿದರು ಕೂಡ. ಸುಳ್ಳು ಯಾಕೆ ಹೇಳಲಿ, ಕಲಿಸುವುದರಲ್ಲಿ ಗಟ್ಟಿಗರು. ಹತ್ತು ಹತ್ತು ಹುಣಸೆ ಬೀಜದ ಗುಂಪು ಮಾಡಿಸಿದರು, ಹುಡುಗರು ತಾವಾಗಿ ಜೋಡಿಸಿ ತಾವಾಗಿ ಲೆಕ್ಕ ಕಂಡುಕೊಂಡರು. ಬೆತ್ತ ಅಟ್ಟಕ್ಕೇರಿತು. ಶಾಲೆ ಎಷ್ಟು ಶಾಂತವಾಯಿತೆಂದರೆ ಬೀದಿಯಲ್ಲಿ ಹೋಗುವವರು ಇಣುಕಿ ನೋಡಿ, "ಸಾಲಿ ಸೂಟಿ ಐತೇನ್ರಿ?" ಎಂದು ಕೇಳತೊಡಗಿದರು. ಮಾಸ್ತರರಿಗೆ ಅದೇ ದೊಡ್ಡ ಬಹುಮಾನ. ಸಂಜೆಯಾದರೆ ನನ್ನನ್ನು ಕೂರಿಸಿಕೊಂಡು ಮರುದಿನದ ಪಾಠ ಹೇಳಿ ನೋಡುವರು. ನಾನು ಮೂರನೇ ಇಯತ್ತೆ ಕಲಿತವಳು, ಬೇಕೆಂದೇ ತಪ್ಪು ಹೇಳುತ್ತಿದ್ದೆ. ಒಂದು ಸಲವೂ ದನಿ ಏರಿಸಲಿಲ್ಲ, ಪುಣ್ಯಾತ್ಮ.

ಮಗ್ಗಿ ನಿಂತ ಮುಂದಿನ ವಾರವೇ ಗೌಡರ ಮನೆಯಿಂದ ಎಮ್ಮೆಯ ಹಾಲು ಬರತೊಡಗಿತು. ದಿನಾ ಸಂಜೆ ಒಂದು ತಂಬಿಗೆ, ನೊರೆ ಆರದ್ದು. ಯಲ್ಲಪ್ಪನೇ ತಂದುಕೊಟ್ಟು, "ಗೌಡರಿಗೆ ಹೊಸಾ ಮಾಸ್ತರ ಭಾಳ ಪಸಂದ ಬಂದಾರ್ರಿ ಅಕ್ಕಾರ" ಎನ್ನುತ್ತಿದ್ದ. ನಾನು ಉಬ್ಬಿಹೋದೆ. ಕೆನೆ ತೆಗೆದಿಟ್ಟೆ, ಮೊಸರು ಮಾಡಿದೆ, ತುಪ್ಪ ಕಾಸಿದೆ. ಗಂಡ ಕಲಿತವನಾದರೆ ಊರು ಹೀಗೆ ಮರ್ಯಾದೆ ಕೊಡುತ್ತದೆ ಅಂತ ತವರಿಗೂ ಹೇಳಿ ಕಳಿಸಿದೆ.

ಒಂದೇ ಒಂದು ಕಿರಿಕಿರಿ. ಹಿಂದಿನ ಗುಡಿಸಲಿನಲ್ಲಿ ಒಂದು ಕೂಸು ಸಂಜೆಯಾಯಿತೆಂದರೆ ಅಳಲಿಕ್ಕೆ ಹತ್ತುತ್ತಿತ್ತು. ಅಂಥಿಂಥ ಅಳು ಅಲ್ಲ. ದೀಪ ಹಚ್ಚುವ ಹೊತ್ತು ಮೀರಿದರೂ ಅಳು, ಕತ್ತಲಾದ ಮೇಲೂ ಅಳು, ಕಡೆಕಡೆಗೆ ದನಿ ಒಡೆದು ಬರೇ ಕೆಮ್ಮು. ಒಬ್ಬ ಮುದುಕಿ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಅಡ್ಡಾಡುವುದು ಕಾಣಿಸುತ್ತಿತ್ತು. ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. "ಎಂಥಾ ತಾಯಿ ಅಕಿ? ಹಡದು ಒಗದು ಎಲ್ಲಿ ತಿರಗಾಕ ಹೋಗ್ಯಾಳ?" ಎಂದು ಹಿತ್ತಲಿಗೆ ಕೇಳುವಂತೆ ಬೈಯುತ್ತಿದ್ದೆ. ಮುದುಕಿ ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು.

ದಸರೆ ಹೋಯಿತು, ದೀಪಾವಳಿ ಹೋಯಿತು. ಹತ್ತಿ ಬಿಡಿಸುವ ಕಾಲ ಬಂತು. ಮೂಡಲಗಿ ಸಂತೆಯ ದಿನ ಹೊಲದ ಕೆಲಸ ಇರುತ್ತಿರಲಿಲ್ಲ, ಕೂಲಿಯ ಹೆಂಗಸರೆಲ್ಲ ಹಳ್ಳಕ್ಕೆ ಅರಿವೆ ಒಗೆಯಲು ಬರುತ್ತಿದ್ದರು. ಅಂದು ನಾನೂ ಹೋದೆ. ಬಾಜೂದ ಕಲ್ಲಿನ ಮೇಲೆ ಒಬ್ಬಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹಾಲು ಕುಡಿಸುತ್ತ ಕೂತಿದ್ದಳು. ನನಗಿಂತ ಚಿಕ್ಕವಳು. ಕೆಂಚವ್ವ ಅಂತ ಹೆಸರು. ಕೂಸನ್ನು ನೋಡಿದ ಕೂಡಲೇ ಗುರುತು ಹತ್ತಿತು, ಇದೇ ಅದು, ಹಿತ್ತಲಿನ ಅಳುಬುರುಕ.

"ನಿನ್ನ ಕೂಸೇನವಾ? ದಿನಾ ಸಂಜಿಕ್ಕ ಜೀವಾ ತಿಂತೈತಿ. ಮುದುಕಿ ಕೈಯಾಗ ಒಗದು ಎಲ್ಲಿ ಹೋಗ್ತಿ?"

"ಎಲ್ಲಿ ಹೋಗ್ಲಿರಿ ಅಕ್ಕಾರ? ಗೌಡರ ಹೊಲಕ್ಕ."

"ಹೊತ್ತ ಮುಳಗೂದರಾಗ ಬರಾಕ ಬರೂದಿಲ್ಲೇನು?"

ಹಳ್ಳದಲ್ಲಿ ಅರಿವೆ ಬಡಿಯುವ ಸಪ್ಪಳ ನಿಂತಿತು. ಎಲ್ಲರೂ ನನ್ನ ಮುಖವನ್ನೇ ನೋಡತೊಡಗಿದರು. ಅವರಲ್ಲಿ ಹಿರಿಯಳಾದ ಭರಮವ್ವ, ಬಾಯಲ್ಲಿದ್ದ ತಂಬಾಕು ಉಗಿದು ಹೇಳಿದಳು.

"ಮಗ್ಗಿ ಕೇಳಲಾರದ ಹೆಂಗ ಬರೂದರಿ?"

ನನಗೆ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬಳು ಒಂದೊಂದು ಮಾತು ಸೇರಿಸಿ ಹೇಳಿದರು. ಆ ಊರಿನಲ್ಲಿ ಗಡಿಯಾರ ಇದ್ದದ್ದು ಗೌಡರ ಪಡಸಾಲೆಯಲ್ಲಿ ಒಂದು, ಶಾಲೆಯಲ್ಲಿ ಒಂದು. ಹೊಲದಲ್ಲಿ ಕೆಲಸ ಬಿಡುವ ಹೊತ್ತಿಗಾಗಿ ಗೌಡರಿಗೂ ಕೂಲಿಯವರಿಗೂ ದಿನಾ ಜಗಳವಾಗುತ್ತಿತ್ತಂತೆ. ಇವರು ಹೊತ್ತು ಇಳಿಯಿತು ಅಂದರೆ ಅವರು ಇನ್ನೂ ಐತಿ ಅನ್ನುವರು. ಕಡೆಗೆ ಈಗಿನ ಗೌಡರ ತಂದೆಯ ಕಾಲದಲ್ಲಿ ಹಿರಿಯರು ಕೂಡಿ ಒಂದು ಮಾತು ಮಾಡಿದರು. ಶಾಲೆಯ ಮಗ್ಗಿ ಇಬ್ಬರಿಗೂ ಸೇರಿದ್ದಲ್ಲ, ಸರಕಾರದ್ದು. ಇಪ್ಪತ್ತರ ಮಗ್ಗಿ ಮುಗಿದ ಮೇಲೆ ಕೆಲಸ ಇಲ್ಲ, ಅದಕ್ಕಿಂತ ಮುಂಚೆ ಬಿಡುವಂತಿಲ್ಲ. ಅಂದಿನಿಂದ ಹಾಗೇ ನಡೆದಿತ್ತು. ಮಗ್ಗಿ ಶುರುವಾದರೆ ಸೆರಗು ಬಿಗಿಯುವರು, ಇನ್ನೂರು ಅಂದರೆ ದಾರಿ ಹಿಡಿಯುವರು. ಈಗ ಮಗ್ಗಿಯೇ ಇಲ್ಲ.

"ಸರಕಾರದವರು ಮಗ್ಗಿ ಬಂದ್ ಮಾಡ್ಯಾರ, ಇನ್ನ ನಾ ಹೇಳಿದಾಗ ಬಿಡೂದು ಅಂತಾನ್ರಿ ಯಲ್ಲಪ್ಪ. ಹತ್ತಿ ಕಣ್ಣಿಗೆ ಕಾಣದಂಗ ಆಗೂಮಟಾ ಬಿಡೂದಿಲ್ಲ" ಎಂದಳು ಭರಮವ್ವ.

"ಮಾಸ್ತರಿಗೆ ಹೇಳಬಾರದೇನ?"

"ಕಲತಾವ್ರಿಗೆ ನಾವೇನ ಹೇಳೂದರಿ? ಅದೂ ಗೌಡರ ಮನಿ ಹಾಲ ಕುಡಿಯಾಕತ್ತೀರಿ."

ಕೆಂಚವ್ವ ಕೂಸಿನ ಬಾಯಿ ಒರೆಸಿ, ನನ್ನ ಕಡೆ ನೋಡದೆ ಹೇಳಿದಳು. "ಆ ಹಾಲ ನನ್ನ ಕೂಸಿಂದರಿ ಅಕ್ಕಾರ. ಹೊಲದಾಗ ಎದಿ ಸೋರಿ ಕುಬಸಾ ತೊಯ್ದು ಹೋಗ್ತೈತಿ, ಇಲ್ಲಿ ಇದು ಒದರತೈತಿ. ನೀವು ಬೈಯೂದನ್ನೂ ನಮ್ಮತ್ತಿ ಹೇಳ್ಯಾಳ."

ಕೆನ್ನೆಗೆ ಬಾರಿಸಿದಂತಾಯಿತು. ಅರ್ಧ ಒಗೆದ ಅರಿವೆಯನ್ನು ಹಾಗೇ ಹಿಂಡಿಕೊಂಡು ಮನೆಗೆ ಬಂದೆ.

ಸಂಜೆ ಯಲ್ಲಪ್ಪ ತಂಬಿಗೆ ಹಿಡಿದು ಬಂದ. "ಒಯ್ಯಿ. ನಮ್ಮ ಮನಿಯಾಗ ಹಾಲ ಯಾರೂ ಕುಡಿಯೂದಿಲ್ಲ" ಎಂದೆ. "ಯಾಕ್ರಿ ಅಕ್ಕಾರ, ಕೆಟ್ಟೈತೇನು?" ಎಂದು ಹಲ್ಲು ಕಿರಿದ. "ಹೌದು, ಭಾಳ ಕೆಟ್ಟೈತಿ" ಎಂದು ಬಾಗಿಲು ಹಾಕಿಕೊಂಡೆ.

ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಕೇಳಿ ಪೆಚ್ಚಾದರು. ಅಂದು ಸಂತೆಯ ಸೂಟಿ, ಹಿತ್ತಲಿನಲ್ಲಿ ಕೂಸಿನ ಅಳು ಇರಲಿಲ್ಲ.

"ಹಂಗಾದ್ರ ನಾಳೆ ಮಗ್ಗಿ ಹೇಳಸ್ರಿ" ಎಂದೆ.

"ಅದು ಅಷ್ಟ ಹಗರಲ್ಲ ಶಿವಗಂಗಾ. ಮುಂದಿನ ತಿಂಗಳ ದೀಪೂಟಿ ಸಾಹೇಬರು ಬರತಾರ. ಅವರೂ ಟ್ರೇನಿಂಗ್ ಆದವರು. ಬಾಯಿಪಾಠ ಅಂದ್ರ ಮೈಯೆಲ್ಲಾ ಉರೀತೈತಂತ ಅವರಿಗೆ. ಶೇರಾ ಕೆಟ್ಟರ ಖಾಯಂ ಆಗೂದಿಲ್ಲ. ಮನಿಯಾಗ ಅವ್ವಾ, ತಮ್ಮಂದಿರು ನನ್ನ ಪಗಾರದ ಮ್ಯಾಲ ಕೂತಾರ." ಆಮೇಲೆ ತಾವೇ ಅಂದರು, "ಗಂಟಿ ಬಾರಿಸ್ತೇನಿ. ಗಂಟಿ ಆದ್ರೂ ಸರಕಾರದ್ದ ಅಲ್ಲೇನು?"

ಮರುದಿನ ತಾವೇ ಅಂಗಳಕ್ಕೆ ಬಂದು ಕೈಗಂಟೆ ಬಾರಿಸಿದರು. ಅದೊಂದು ಗಂಟೆಯೇ? ಆಡಿನ ಕೊರಳಿಗೆ ಕಟ್ಟಬೇಕು. ಬೇವಿನ ಗಿಡದಾಚೆಗೂ ಕೇಳಲಿಲ್ಲ. ಅದರ ಮರುದಿನ ಹೊಲದ ತನಕ ನಡೆದುಹೋಗಿ ಬದುವಿನ ಮೇಲೆ ನಿಂತು ಬಾರಿಸಿದರು. ಯಲ್ಲಪ್ಪ ಬಗ್ಗಿ ನಮಸ್ಕಾರ ಮಾಡಿ, "ಮಾತ ಆಗಿದ್ದು ಮಗ್ಗೀದರಿ ಮಾಸ್ತರ, ಗಂಟೀದಲ್ಲ. ನೀವ ಮಗ್ಗಿ ಹೇಳಸ್ರಿ, ನಾ ಈಗಿಂದೀಗ ಬಿಡ್ತೇನಿ" ಎಂದನಂತೆ. ಗೌಡರನ್ನು ಕಂಡು ಬಂದರು. ಗೌಡರು ಪಾನಸುಪಾರಿ ಕೊಟ್ಟು, ಹೊಸ ಪದ್ಧತಿಯನ್ನು ಬಾಯಿತುಂಬ ಹೊಗಳಿ, ದೀಪೂಟಿ ಸಾಹೇಬರ ಊಟ ನಮ್ಮಲ್ಲೇ, ನಾನೇ ನಿಮ್ಮ ಬಗ್ಗೆ ಹೇಳುತ್ತೇನೆ ಎಂದು ಕಳಿಸಿದರು.

ನಾನು ಮಾತು ಬಿಟ್ಟೆ. ಹೌದು, ಗಂಡನ ಜೊತೆ ಮಾತು ಬಿಟ್ಟೆ. ರೊಟ್ಟಿ ಮುಂದಿಡುವುದು, ಲೋಟ ಮುಂದಿಡುವುದು, ಅಷ್ಟೇ. ಹಲ್ಲಿಯ ಕತೆಯೂ ನಿಂತಿತು. ಸಂಜೆ ಅವರು ದೀಪದ ಮುಂದೆ ಪಾಠದ ಟಿಪ್ಪಣಿ ಬರೆಯುತ್ತ ಕೂಡುವರು, ಹಿತ್ತಲಿನಿಂದ ಅಳು ಬರುವುದು, ಟಾಕು ಹಿಡಿದ ಕೈ ಹಾಗೇ ನಿಲ್ಲುವುದು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಒಳಗೊಳಗೆ ಕನಿಕರವೂ ಬರುತ್ತಿತ್ತು. ಧಾರವಾಡದಲ್ಲಿ ಎರಡೂ ವರ್ಷ ಒಂದೇ ಅಂಗಿ ಒಗೆದು ಒಗೆದು ತೊಟ್ಟು ಕಲಿತು ಬಂದ ಮನುಷ್ಯ. ಈ ಶೇರಾ ಕೈತಪ್ಪಿದರೆ ಅವರ ಮುಖ ನಾನು ಹೇಗೆ ನೋಡಲಿ ಅಂತಲೂ ಅನಿಸುತ್ತಿತ್ತು.

ದೀಪೂಟಿ ಸಾಹೇಬರು ಪುಷ್ಯ ಮಾಸದ ಒಂದು ದಿನ ಚಕ್ಕಡಿಯಲ್ಲಿ ಬಂದರು. ಕರಿ ಕೋಟು, ಜರಿ ರುಮಾಲು. ಗೌಡರ ಮನೆಯಲ್ಲಿ ಹೋಳಿಗೆ ಉಂಡು, ಮಧ್ಯಾಹ್ನ ಗೌಡರ ಜೊತೆಯಲ್ಲೇ ಶಾಲೆಗೆ ಬಂದು ಕೂತರು. ಮಾಸ್ತರರು ಅಂದು ಕಲಿಸಿದ ಹಾಗೆ ಎಂದೂ ಕಲಿಸಿರಲಿಲ್ಲ. ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ನೆವ ಮಾಡಿ ಶಾಲೆಯ ಕಿಟಕಿಯಲ್ಲಿ ಕಾಣುವಷ್ಟನ್ನು ನೋಡುತ್ತಿದ್ದೆ. ಹುಡುಗರು ಬೀಜ ಜೋಡಿಸಿದರು, ಕೇಳಿದ್ದಕ್ಕೆ ಮೆಲ್ಲಗೆ ಎದ್ದು ಉತ್ತರ ಕೊಟ್ಟರು. ಸಾಹೇಬರು ತಲೆದೂಗಿದ್ದನ್ನು ನನ್ನ ಕಣ್ಣಾರೆ ಕಂಡೆ. ಶೇರಾ ಪುಸ್ತಕ ತೆರೆದು ಬರೆಯತೊಡಗಿದ್ದನ್ನೂ ಕಂಡೆ. ಆಯಿತು, ಗೆದ್ದರು, ಎಂದುಕೊಂಡೆ. ಸಂತೋಷವೂ ಆಯಿತು, ಸಿಟ್ಟೂ ಬಂತು.

ಬೇವಿನ ನೆರಳು ಶಾಲೆಯ ಮೆಟ್ಟಿಲಿಗೆ ಬಂತು. ಹಿಂದೆ ಮಗ್ಗಿ ಶುರುವಾಗುತ್ತಿದ್ದ ಹೊತ್ತು ಅದು. ಗುಡಿಸಲಿನಲ್ಲಿ ಕೂಸು ಎದ್ದು ಅಳತೊಡಗಿತು. ಶಾಲೆ ಎಷ್ಟು ಶಾಂತವಾಗಿತ್ತೆಂದರೆ ಆ ಅಳು ಗೋಡೆ ದಾಟಿ ಒಳಗೂ ಕೇಳಿಸುತ್ತಿರಬೇಕು. ಮಾಸ್ತರರು ಸುಣ್ಣದ ಕಡ್ಡಿ ಹಿಡಿದು ಬೋರ್ಡಿಗೆ ಬೆನ್ನು ಹಚ್ಚಿ ನಿಂತಿದ್ದರು. ಕಡ್ಡಿ ಕೆಳಗಿಟ್ಟರು. ಏನೋ ಹೇಳಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ನಿಂತರು.

"ಎರಡೊಂದ್ಲೆ ಎರಡು!"

ಯವ್ವಾ! ಎಷ್ಟು ತಿಂಗಳು ತಡೆದಿಟ್ಟುಕೊಂಡಿದ್ದವೋ ಆ ಮಕ್ಕಳು. ಮಾಳಿಗೆ ನಡುಗಿತು. ಗೌಡರ ರುಮಾಲು ಅಲ್ಲಾಡಿದ್ದು ಕಂಡಿತು, ಸಾಹೇಬರ ಬಾಯಿ ಆಡಿದ್ದು ಕಂಡಿತು, ಮಾತು ಒಂದೂ ಕೇಳಲಿಲ್ಲ. ನಾನು ಹೊಲದ ಕಡೆ ತಿರುಗಿದೆ. ಹತ್ತಿಯ ಸಾಲಿನಲ್ಲಿ ಬಗ್ಗಿದ್ದ ಹೆಂಗಸರು ಒಬ್ಬೊಬ್ಬರಾಗಿ ನೆಟ್ಟಗಾಗುತ್ತಿದ್ದರು. ಐದರ ಮಗ್ಗಿ, ಎಂಟರ ಮಗ್ಗಿ. ಸೆರಗು ಬಿಗಿಯುತ್ತಿದ್ದರು. ಯಲ್ಲಪ್ಪ ಬದುವಿನ ಮೇಲೆ ಎದ್ದು ನಿಂತಿದ್ದ.

ಹನ್ನೆರಡರ ಮಗ್ಗಿ ಮುಗಿಯುವಾಗ ಸಾಹೇಬರು ಮೇಜು ಗುದ್ದಿದರು. "ಬಂದ್ ಮಾಡಿಸ್ರಿ ಇದನ್ನ!" ಎಂದದ್ದು ಈಗ ಮಾಳಿಗೆಗೂ ಕೇಳಿಸಿತು. ಹುಡುಗರು ಹೆದರಿ ಕೂಗು ನಿಲ್ಲಿಸಿಬಿಟ್ಟರು. ಹೊಲದಲ್ಲಿ ಯಲ್ಲಪ್ಪ ಕೈ ಬೀಸಿ ಹೆಂಗಸರನ್ನು ಮತ್ತೆ ಬಗ್ಗಿಸುತ್ತಿದ್ದ. ಇಪ್ಪತ್ತು ಆಗಿಲ್ಲವಲ್ಲ, ಮಾತು ಮಾತೇ. ಮೊದಲು ಭರಮವ್ವ ಬಗ್ಗಿದಳು, ಆಮೇಲೆ ಉಳಿದವರು. ಒಬ್ಬಳು ಮಾತ್ರ ನಿಂತೇ ಇದ್ದಳು. ನನಗೆ ಕಣ್ಣೀರು ಬಂದು ಹೊಲವೆಲ್ಲ ಮಸುಕಾಯಿತು. ಇಷ್ಟು ಮಾಡಿ ನೀರಿಗೆ ಹಾಕಿದ ಹಾಗಾಯಿತಲ್ಲ ಶಿವನೇ, ಅತ್ತ ಶೇರಾವೂ ಇಲ್ಲ, ಇತ್ತ ಇದೂ ಇಲ್ಲ.

ಆಗ ಒಂದು ದನಿ ಕೇಳಿತು. ಒಂದೇ ಒಂದು, ಗಂಡಸಿನ ದನಿ.

"ಹದಿಮೂರೊಂದ್ಲೆ ಹದಿಮೂರು!"

ಅದು ಯಾರ ದನಿ ಎಂದು ನನಗೇ ಗುರುತು ಹತ್ತಲಿಲ್ಲ. ಹತ್ತಬೇಕಾದರೂ ಹೇಗೆ? ಆ ದನಿ ಏರಿದ್ದನ್ನು ನಾನು ಕೇಳಿದವಳೇ ಅಲ್ಲ. ಒಡಕು ದನಿ, ಕೂಗಿ ರೂಢಿಯಿಲ್ಲದ್ದು, ಅರ್ಧಕ್ಕೇ ಕೀಚಲಾಗುತ್ತಿತ್ತು. "ಹದಿಮೂರೆರಡ್ಲೆ ಇಪ್ಪತ್ತಾರು!" ನಮ್ಮ ಮಾಸ್ತರರು ಸಾಹೇಬರಿಗೆ ಬೆನ್ನು ಮಾಡಿ, ಕಿಟಕಿಯ ಸರಳು ಹಿಡಿದು, ಹೊಲದ ಕಡೆ ಮುಖ ಮಾಡಿ ಒಬ್ಬರೇ ಕೂಗುತ್ತಿದ್ದರು. ಹದಿನಾಲ್ಕಕ್ಕೆ ಒಂದಿಬ್ಬರು ಹುಡುಗರು ಸೇರಿದರು. ಹದಿನಾರಕ್ಕೆ ಶಾಲೆಯೆಲ್ಲ ಸೇರಿತು. ನಾನೂ ಮಾಳಿಗೆಯ ಮೇಲಿಂದ ಕೂಗಿದೆ, ಸುಳ್ಳಲ್ಲ. ಹತ್ತೊಂಬತ್ತರ ಮಗ್ಗಿ ನನಗೆ ಬರುವುದಿಲ್ಲ, ಅದರಲ್ಲಿ ಬಾಯಿ ಅಲ್ಲಾಡಿಸಿದೆ ಅಷ್ಟೇ.

"ಇಪ್ಪತ್ತ ಹತ್ಲೆ ಇನ್ನೂರು!"

ಹೊಲದಲ್ಲಿ ಹೆಂಗಸರು ಗಂಟು ಇಳಿಸಿ ದಾರಿ ಹಿಡಿದರು. ಯಲ್ಲಪ್ಪ ತಡೆಯಲಿಲ್ಲ. ಎಲ್ಲರಿಗಿಂತ ಮುಂದೆ ಒಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದಳು. ಬಿಸಿಲು ಇನ್ನೂ ಇತ್ತು.

ದೀಪೂಟಿ ಸಾಹೇಬರು ಆ ಹೊತ್ತಿಗೆ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಶಿಕ್ಷಕರು ತಮ್ಮ ಮೇಲೆ ಹತೋಟಿ ಇಟ್ಟುಕೊಳ್ಳಲು ಕಲಿಯಬೇಕು, ಖಾಯಂ ಮಾಡುವ ವಿಷಯ ಮುಂದಿನ ವರ್ಷ ನೋಡತಕ್ಕದ್ದು. ಚಕ್ಕಡಿ ಹತ್ತುವಾಗ ಮಾಸ್ತರರ ನಮಸ್ಕಾರಕ್ಕೆ ತಿರುಗಿಯೂ ನೋಡಲಿಲ್ಲ. ಗೌಡರು ಮಾತ್ರ ನೋಡಿದರು, ಆ ನೋಟ ಏನು ಹೇಳಿತೆಂದು ನನಗೆ ತಿಳಿಯಿತು.

ಮಾಸ್ತರರು ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ನಾನು ಚಹಾ ಕಾಸಿ ಮುಂದಿಟ್ಟೆ. ತಿಂಗಳಿನಿಂದ ಬಿಟ್ಟ ಮಾತನ್ನು ಎಲ್ಲಿಂದ ಹಿಡಿಯಬೇಕೋ ತೋಚಲಿಲ್ಲ. "ಹಾಲಿಲ್ರಿ, ಕರೇ ಚಾ" ಎಂದೆ.

ಅವರು ಲೋಟ ಎತ್ತಿದವರು ಹಾಗೇ ತಡೆದು, ಹಿತ್ತಲ ಕಡೆ ಕಿವಿ ಕೊಟ್ಟರು.

"ಕೂಸು ಅಳವಲ್ದಲ್ಲ?" ಎಂದರು, ಪಿಸುದನಿಯಲ್ಲಿ.

ನಾನೂ ಕಿವಿಗೊಟ್ಟೆ. ಕೆಂಚವ್ವನ ಗುಡಿಸಲಿನಿಂದ ಏನೂ ಕೇಳಲಿಲ್ಲ. ನಮ್ಮ ಗೋಡೆಯ ಮೇಲೆ ಒಂದು ಹಲ್ಲಿ ಲೊಚಗುಟ್ಟಿತು.

"ಇಲ್ರಿ, ಕುಡಿಯಾಕತ್ತೈತಿ" ಎಂದೆ.

ಅವರು ಚಹಾ ಕುಡಿದರು.